ಎರಿ, ಮಸಾರಿ, ಸವಳು: ನಮ್ಮ ಹೊಲದ ಮಣ್ಣು ಎಲ್ಲಿಂದ ಬಂತು?



ಉಳಿತಾಯ, ಸಾಲ, ಬಡ್ಡಿ, ಪುಸ್ತಕ ಬರೆಯುವುದು ಇವುಗಳ ಬಗ್ಗೆ ಸಭೆಯಲ್ಲಿ ಸಾಕಷ್ಟು ಮಾತಾಡುತ್ತೇವೆ. ಈ ಸಲದ ಪಾಠ ನಮ್ಮ ಕಾಲ ಕೆಳಗಿನ ಮಣ್ಣಿನದು. ‘ಮಣ್ಣಿನಾಗ ಕಲಿಯೂದು ಏನೈತ್ರಿ, ಹುಟ್ಟಿದಾಗಿಂದ ಅದರಾಗ ಅದೀವಿ’ ಎಂದು ಯಾರಾದರೂ ಕೇಳಬಹುದು. ಕೇಳಲಿ. ಮೊದಲು ಒಂದು ಒಲಿಯಿಂದ ಶುರು ಮಾಡೋಣ.

ಗ್ಯಾಸ್ ಬಂದರೂ ಹಿತ್ತಲದಾಗ ನೀರು ಕಾಯಿಸಲಿಕ್ಕೆ ಒಂದು ಮಣ್ಣಿನ ಒಲಿ ಇನ್ನೂ ಬಹಳ ಮನೆಗಳಲ್ಲಿ ಇದೆ. ಬರೀ ಎರಿಮಣ್ಣಿನಿಂದ ಒಲಿ ಹಾಕಿದರೆ ಏನಾಗುತ್ತದೆ? ಒಣಗುವಷ್ಟರಲ್ಲೇ ಬಿರಿಯುತ್ತದೆ. ಅದಕ್ಕೇ ನಮ್ಮವ್ವ, ನಮ್ಮ ಅತ್ತಿ ಎಲ್ಲರೂ ಉಸುಕು, ಹೊಟ್ಟು ಬೆರೆಸಿ ತುಳಿದು ಹದ ಮಾಡುತ್ತಿದ್ದರು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ ಇದೇ ಎರಿಮಣ್ಣು ಹಿಟ್ಟಿನಂಗ ಹೇಳಿದಂತೆ ಕೇಳುತ್ತದೆ. ಮಸಾರಿ ಮಣ್ಣಿನಲ್ಲಿ ಅಷ್ಟು ಚಂದ ಎತ್ತು ಆಗುವುದಿಲ್ಲ, ಕೋಡು ಮುರಿಯುತ್ತವೆ. ಅಂದರೆ ಯಾವ ಮಣ್ಣು ಹಿಗ್ಗುತ್ತದೆ, ಯಾವುದು ಬಿರಿಯುತ್ತದೆ, ಯಾವುದು ನೀರು ಹಿಡಿಯುತ್ತದೆ ಎಂಬುದು ನಮ್ಮ ಕೈಗೆ ಮೊದಲೇ ಗೊತ್ತು. ಯಾಕೆ ಹಾಗೆ ಎಂಬುದನ್ನು ಹೇಳುವ ವಿದ್ಯೆಗೆ ಭೂಗರ್ಭಶಾಸ್ತ್ರ, ಮಣ್ಣುವಿಜ್ಞಾನ ಎಂದು ಹೆಸರು.

ಇದು ತಿಳಿದು ಏನು ಉಪಯೋಗ? ನವಲಗುಂದ ಕಡೆಯ ಒಬ್ಬ ಸದಸ್ಯೆ ಬೋರ್‌ವೆಲ್ ಹಾಕಿಸಲು ಸಾಲ ಕೇಳಿದರು. ಸಂಘ ಕೊಟ್ಟಿತು. ನೀರೂ ಬಿತ್ತು, ಕಾಯಿ ಒಡೆದು ಸಂತೋಷಪಟ್ಟರು. ಎರಡನೆಯ ವರ್ಷ ಹೊಲದ ಮೇಲೆ ಬೆಳ್ಳಗೆ ಹಿಟ್ಟು ಚೆಲ್ಲಿದಂತೆ ಉಪ್ಪು ಎದ್ದಿತು. ಉಳ್ಳಾಗಡ್ಡಿ ಸಸಿ ತುದಿಯಿಂದ ಸುಟ್ಟುಕೊಂಡು ಹೋಯಿತು. ಸಾಲವನ್ನು ಆಕೆ ಕೂಲಿ ಮಾಡಿ ತೀರಿಸಿದರು. ಆಕೆಯ ತಪ್ಪು ಏನೂ ಇರಲಿಲ್ಲ. ಹಣ ಎಣಿಸಿದ ನಾವು ಯಾರೂ ಒಂದು ಬಾಟ್ಲಿ ನೀರು ಪರೀಕ್ಷೆಗೆ ಕಳಿಸಿರಲಿಲ್ಲ. ಆದ್ದರಿಂದ ಈ ಪಾಠ ಸ್ವಲ್ಪ ಉದ್ದವಾದರೂ ಓದಿರಿ.

ಕಲ್ಲಿನ ಮಗಳು ಮಣ್ಣು

ಎಲ್ಲ ಮಣ್ಣೂ ಒಂದು ಕಾಲಕ್ಕೆ ಕಲ್ಲು. ಬಿಸಿಲಿಗೆ ಕಾಯ್ದು, ಮಳೆಗೆ ನೆನೆದು, ಬೇರು ಹೊಕ್ಕು, ಹುಳಹುಪ್ಪಡಿ ಓಡಾಡಿ ಕಲ್ಲು ಸಡಿಲಾಗುತ್ತದೆ. ನೀರು ಅದರೊಳಗಿನ ಕೆಲವು ಅಂಶಗಳನ್ನು ಕರಗಿಸಿ ಒಯ್ಯುತ್ತದೆ, ಕೆಲವನ್ನು ಬಿಡುತ್ತದೆ. ಉಳಿದದ್ದಕ್ಕೆ ಸೊಪ್ಪುಸದೆ ಕೊಳೆತು ಸೇರಿದರೆ ಮಣ್ಣು. ಒಂದು ಇಂಚು ಮಣ್ಣು ಆಗಲಿಕ್ಕೆ ನೂರಾರು ವರ್ಷ ಬೇಕು. ಬಾವಿ ತೋಡಿದಾಗ ನೀವೇ ನೋಡಿರುತ್ತೀರಿ: ಮೇಲೆ ಮಣ್ಣು, ಅದರ ಕೆಳಗೆ ಗರಸು, ಇನ್ನೂ ಕೆಳಗೆ ಗಟ್ಟಿ ಬಂಡೆ. ಬಂಡೆ ಮಣ್ಣಾಗುವ ದಾರಿಯೇ ಅದು, ಮೇಲಿಂದ ಕೆಳಗೆ ಬರೆದು ಇಟ್ಟಂತೆ.

ನಮ್ಮ ಜಿಲ್ಲೆಯ ಕಲ್ಲಿಗೆ ದೊಡ್ಡ ಹೆಸರಿದೆ. ಧಾರವಾಡ ಪೇಢೆ ದೇಶಕ್ಕೆಲ್ಲ ಗೊತ್ತು. ಆದರೆ ಪ್ರಪಂಚದ ಭೂಗರ್ಭಶಾಸ್ತ್ರದ ಪುಸ್ತಕಗಳಲ್ಲಿ ಧಾರವಾಡ ಎಂಬ ಹೆಸರು ಬರುವುದು ಕಲ್ಲಿನ ಕಾರಣಕ್ಕೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್ ಎಂಬ ಇಂಗ್ಲಿಷ್ ವಿಜ್ಞಾನಿ 1880ರ ದಶಕದಲ್ಲಿ ಈ ಸೀಮೆಯ ಹಳೆಯ ಪದರುಗಲ್ಲುಗಳಿಗೆ ಧಾರವಾಡದ ಹೆಸರು ಇಟ್ಟರು. ದಕ್ಷಿಣ ಭಾರತದ ಈ ಹಳೆಯ ನೆಲದ ತುಂಡಿಗೆ ಇಂದಿಗೂ ಅದೇ ಹೆಸರು. ಈ ಕಲ್ಲುಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹೆಚ್ಚು. ಭೂಮಿಯ ಒಟ್ಟು ವಯಸ್ಸೇ ಸುಮಾರು 450 ಕೋಟಿ ವರ್ಷ. ಅಂದರೆ ಭೂಮಿ ಅರ್ಧ ವಯಸ್ಸಿಗೆ ಬರುವ ಮೊದಲೇ ನಮ್ಮ ಹೊಲದ ತಳಪಾಯ ಹಾಕಿ ಆಗಿತ್ತು.

ಆ ಕಾಲಕ್ಕೆ ಇಲ್ಲಿ ಬಯಲು ಇರಲಿಲ್ಲ, ಕೆಲವು ಕಡೆ ಸಮುದ್ರವಿತ್ತು. ಸಮುದ್ರದ ತಳದಲ್ಲಿ ಜ್ವಾಲಾಮುಖಿ ಒಡೆದು ಬೆಂಕಿರಸ ನೀರಿಗೆ ಬೀಳುತ್ತಿತ್ತು. ಕುದಿಯುವ ಬೆಲ್ಲದ ಪಾಕವನ್ನು ತಣ್ಣೀರಿಗೆ ಬಿಟ್ಟರೆ ಉಂಡೆ ಕಟ್ಟುವ ಹಾಗೆ ಅದು ತಲೆದಿಂಬಿನ ಆಕಾರದಲ್ಲಿ ಗಟ್ಟಿಯಾಗುತ್ತಿತ್ತು. ಅಂಥ ದಿಂಬುಗಲ್ಲುಗಳನ್ನು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇಂದಿಗೂ ನೋಡಬಹುದು, ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಕಾಪಾಡಿದ್ದಾರೆ. ಆ ಕಲ್ಲಿನ ಪಟ್ಟಿ ಹಾಗೇ ಉತ್ತರಕ್ಕೆ ಸಾಗಿ ನಮ್ಮ ಪಕ್ಕದ ಗದಗದವರೆಗೆ ಬರುತ್ತದೆ. ಕಪ್ಪತಗುಡ್ಡ ಅದರ ಭಾಗ. ಅಲ್ಲಿ ಬಂಗಾರ, ಕಬ್ಬಿಣ ಇರುವುದೂ ಇದೇ ಕಾರಣಕ್ಕೆ.

ಅಣ್ಣಿಗೇರಿಯವರು ದೂರ ಹೋಗುವುದೇ ಬೇಡ. ಅಮೃತೇಶ್ವರ ಗುಡಿಯ ಕಂಬಗಳ ಮೇಲೆ ಕೈ ಆಡಿಸಿ ನೋಡ್ರಿ. ಹನ್ನೊಂದನೆಯ ಶತಮಾನದ ಆ ಗುಡಿ ಬಳಪದ ಕಲ್ಲಿನದು. ಅದಕ್ಕೂ ಹಿಂದಿನ ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಉಸುಕಿನ ಕಲ್ಲಿನವು. ಬಳಪದ ಕಲ್ಲು ಧಾರವಾಡ ಕಲ್ಲುಗಳ ಬಳಗದ್ದು, ಮೆದು, ಉಳಿಗೆ ಹೇಳಿದಂತೆ ಕೇಳುತ್ತದೆ. ಅಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು ಶಿಲ್ಪಿಯ ಕೈಯಿಂದಲೂ ಹೌದು, ಕಲ್ಲಿನ ಗುಣದಿಂದಲೂ ಹೌದು.

ಬೆಂಕಿಯ ಕೆಲಸ, ಹಿಮದ ಕೆಲಸ

ಮಕ್ಕಳ ಶಾಲೆಯ ಪುಸ್ತಕದಲ್ಲಿ ‘ಕಪ್ಪು ಮಣ್ಣು ಲಾವಾರಸದಿಂದ ಆದದ್ದು’ ಎಂದು ಇರುತ್ತದೆ. ಅದು ಸುಳ್ಳಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲ ಉದ್ದುದ್ದ ಬಿರಿದು ಲಾವಾ ಉಕ್ಕಿತು. ಒಮ್ಮೆ ಅಲ್ಲ, ಮೇಲಿಂದ ಮೇಲೆ, ದ್ವಾಸಿ ಮೇಲೆ ದ್ವಾಸಿ ಹುಯ್ದಂಗ. ಆ ಪದರುಗಳು ಇಂದು ಉಳಿದಿರುವುದೇ ಸುಮಾರು ಐದು ಲಕ್ಷ ಚದರ ಕಿಲೋಮೀಟರ್. ಮಹಾರಾಷ್ಟ್ರದ ಬಹುಪಾಲು ಅದೇ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳಲ್ಲೂ ಇದೆ. ಗೋಳಗುಮ್ಮಟದ ಕರಿಕಲ್ಲು ಆ ಲಾವಾದ್ದು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದರೆ ಕಾಣುವ ಕಲ್ಲಿನ ಕಂಬಗಳು ಇನ್ನೂ ಹಳೆಯ, ಬೇರೆ ಒಂದು ಲಾವಾ ತಣ್ಣಗಾಗುವಾಗ ಬಿರಿದು ಆದವು. ಎರಿ ಹೊಲದ ಬಿರಿಗಳ ಅಕ್ಕತಂಗಿ ಎನ್ನಬಹುದು. ಇವತ್ತು ಭಾರತದಲ್ಲಿ ಜೀವಂತ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಮಾತ್ರ. ನಮ್ಮಲ್ಲಿ ಅದರ ಭಯವಿಲ್ಲ.

ಆದರೆ ಶಾಲೆಯ ಪುಸ್ತಕದ ಮಾತು ನಮ್ಮ ಜಿಲ್ಲೆಗೆ ಪೂರ್ತಿ ಹೊಂದುವುದಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿಯ ಕೆಳಗೆ ಬಹುತೇಕ ಇರುವುದು ಆ ಲಾವಾ ಅಲ್ಲ, ಮೇಲೆ ಹೇಳಿದ ಹಳೆಯ ಧಾರವಾಡ ಕಲ್ಲು ಮತ್ತು ಅದರ ಜೊತೆಗಿನ ಪಟ್ಟೆಗಲ್ಲು. ಕಲ್ಲು ಬೇರೆಯಾದರೂ ಮಣ್ಣು ಕರಿ ಆದದ್ದು ಹೇಗೆ? ಅದಕ್ಕೆ ಉತ್ತರ ಮಳೆಯಲ್ಲಿದೆ, ನೆಲದ ಇಳಿಜಾರಿನಲ್ಲಿದೆ. ಅದನ್ನು ಈಗಲೇ ನೋಡೋಣ, ಮೊದಲು ಹಿಮದ ಮಾತು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತೇನೆ.

ಹಿಮಾಲಯದಲ್ಲಿ ಹಿಮ ಬಿದ್ದು ಬಿದ್ದು ಗಟ್ಟಿಯಾಗಿ ನದಿಯಂತೆ ನಿಧಾನ ಕೆಳಗೆ ಜಾರುತ್ತದೆ. ಅದೇ ಹಿಮನದಿ. ಅದರ ತಳದಲ್ಲಿ ಸಿಕ್ಕ ಕಲ್ಲು ಬೀಸುಕಲ್ಲಿಗೆ ಸಿಕ್ಕ ಜೋಳದಂತೆ ಹಿಟ್ಟಾಗುತ್ತದೆ. ಆ ಹಿಟ್ಟು, ಮಳೆ ಮತ್ತು ನದಿ ಕೊರೆದು ತಂದ ಮಣ್ಣು ಎಲ್ಲ ಸೇರಿ ಪಂಜಾಬದಿಂದ ಬಂಗಾಳದವರೆಗಿನ ಮೆಕ್ಕಲು ನೆಲ ಆಯಿತು. ನಮ್ಮಲ್ಲಿ ಹಿಮನದಿ ಇಲ್ಲ. ಆದರೆ ಇದರಿಂದ ನಮಗೊಂದು ವಿಷಯ ತಿಳಿಯುತ್ತದೆ. ಗಂಗೆಗೆ ಬೇಸಿಗೆಯಲ್ಲಿ ಹಿಮ ಕರಗಿದ ನೀರು ಸೇರುತ್ತದೆ. ನಮ್ಮ ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ಆಕೆಗೆ ಮಳೆ ಬಿಟ್ಟರೆ ಬೇರೆ ತವರು ಇಲ್ಲ. ಮಳೆ ನಿಂತ ಮೇಲೆ ನಮಗೆ ಉಳಿಯುವ ನೀರು ಅಣೆಕಟ್ಟಿನದು, ಕೆರೆಯದು, ಮಣ್ಣು ಹಿಡಿದುಕೊಂಡದ್ದು, ಅಷ್ಟೇ.

ಒಂದೇ ಜಿಲ್ಲೆ, ಎರಡು ಬಣ್ಣ

ಹುಬ್ಬಳ್ಳಿಯಿಂದ ಕಲಘಟಗಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡ್ರಿ, ಹೊಲ ಕೆಂಪಾಗುತ್ತಾ ಹೋಗುತ್ತದೆ. ನವಲಗುಂದದ ದಾರಿ ಹಿಡಿದರೆ ಕಣ್ಣು ಹೋದಷ್ಟು ದೂರ ಕರಿ. ನಮ್ಮ ಜಿಲ್ಲೆಯ ನಡುವೆ ನೀರು ಇಬ್ಭಾಗವಾಗುತ್ತದೆ. ಕಲಘಟಗಿ ಕಡೆ ಬಿದ್ದ ಮಳೆ ಬೇಡ್ತಿ ಹಳ್ಳ ಸೇರಿ, ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಪಶ್ಚಿಮದ ಸಮುದ್ರಕ್ಕೆ ಹೋಗುತ್ತದೆ. ಕುಂದಗೋಳ, ನವಲಗುಂದದ ಮಳೆ ಬೆಣ್ಣಿಹಳ್ಳಕ್ಕೆ ಬಿದ್ದು ಮಲಪ್ರಭೆ, ಅಲ್ಲಿಂದ ಕೃಷ್ಣೆ, ಕೊನೆಗೆ ಪೂರ್ವದ ಬಂಗಾಳ ಉಪಸಾಗರ. ಒಂದೇ ಮೋಡದ ಎರಡು ಹನಿ ಎರಡು ಸಮುದ್ರಕ್ಕೆ!

ಕಲಘಟಗಿಗೆ ಮಲೆನಾಡಿನ ಅಂಚಿನ ಮಳೆ. ಅಲ್ಲಿ ನೆಲ ಏರಿಳಿತದ್ದು, ನೀರು ಇಂಗಿ ಬಸಿದು ಹೋಗುತ್ತದೆ. ಹೋಗುವಾಗ ಕಲ್ಲಿನಿಂದ ಬಿಟ್ಟ ಸುಣ್ಣ, ಮೆಗ್ನೀಷಿಯಂ, ಉಪ್ಪು ಎಲ್ಲವನ್ನೂ ತೊಳೆದು ಒಯ್ಯುತ್ತದೆ. ಕರಗದ ಕಬ್ಬಿಣ ಉಳಿದು ತುಕ್ಕು ಹಿಡಿಯುತ್ತದೆ. ಹಂಚಿನ ಮೇಲಿನ ತುಕ್ಕಿನ ಬಣ್ಣವೇ ಮಸಾರಿಯ ಬಣ್ಣ. ನವಲಗುಂದದ ಬಯಲಿನಲ್ಲಿ ಮಳೆ ಕಡಿಮೆ, ನೆಲ ಸಪಾಟು. ಕಲ್ಲಿನಿಂದ ಬಿಟ್ಟ ಸುಣ್ಣ, ಮೆಗ್ನೀಷಿಯಂ ಎಲ್ಲಿಗೂ ಹೋಗದೆ ಅಲ್ಲೇ ಕೂತು ಒಂದು ವಿಶೇಷ ಜೇಡಿ ಆಗುತ್ತದೆ. ಹೊಲದಲ್ಲಿ ಸಿಗುವ ಬೆಳ್ಳನೆ ಸುಣ್ಣದ ಹರಳು ಅದಕ್ಕೆ ಸಾಕ್ಷಿ. ಒಂದು ಹರಳಿನ ಮೇಲೆ ನಿಂಬೆಹಣ್ಣು ಹಿಂಡಿ ನೋಡ್ರಿ, ಸಣ್ಣಗೆ ಗುಳ್ಳೆ ಏಳುತ್ತದೆ.

ಎರಿಯ ಗುಟ್ಟೆಲ್ಲ ಆ ಜೇಡಿಯಲ್ಲಿದೆ. ಅದರ ಕಣ ಪುಸ್ತಕದ ಹಾಳೆಗಳಂತೆ ಬಲು ತೆಳ್ಳನೆ ಪದರು ಪದರು. ನೀರು ಬಿದ್ದರೆ ಹಾಳೆಗಳ ನಡುವೆ ಹೊಕ್ಕು ಕೂಡುತ್ತದೆ, ಮಣ್ಣು ಹಿಗ್ಗುತ್ತದೆ. ಒಣಗಿದರೆ ಕುಗ್ಗುತ್ತದೆ, ಕೈ ಹೋಗುವಷ್ಟು ಬಿರಿ ಬಿಡುತ್ತದೆ. ಬೇಸಿಗೆಯಲ್ಲಿ ಮೇಲಿನ ಮಣ್ಣು ಬಿರಿಯೊಳಗೆ ಬಿದ್ದು, ಮಳೆಗಾಲದಲ್ಲಿ ಕೆಳಗಿನದು ಒತ್ತಿಕೊಂಡು ಮೇಲೆ ಬಂದು, ನೆಲ ತನ್ನನ್ನು ತಾನೇ ಮಗ್ಗುಲು ತಿರುವಿಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಿಂಗಾರಿಗೆ ಬಿಳಿಜೋಳ, ಕಡಲಿ, ಕುಸುಬಿಯನ್ನು ಹನಿ ಮಳೆ ಇಲ್ಲದೆ ಬೆಳೆದು ಕೊಡುವುದು ಇದೇ ಜೇಡಿ. ಎಡಿ ಹೊಡೆದು ಬಿರಿ ಮುಚ್ಚಿದರೆ ಹಸಿ ಆರುವುದಿಲ್ಲ ಎಂದು ಹಿರಿಯರು ಹೇಳುವುದು ಪೂರ್ತಿ ಸರಿ, ನೀರು ಆವಿಯಾಗಿ ಹೋಗುವ ಬಾಗಿಲೇ ಆ ಬಿರಿ.

ಇದೇ ಗುಣ ಮನೆಗೆ ಶತ್ರು. ಎರಿಯ ಮೇಲೆ ಆಳ ಇಲ್ಲದ ಅಡಿಪಾಯ ಹಾಕಿದ ಮನೆ ಮಳೆಗಾಲದಲ್ಲಿ ಏಳುತ್ತದೆ, ಬೇಸಿಗೆಯಲ್ಲಿ ಕೂಡುತ್ತದೆ, ಗೋಡೆ ಓರೆಯಾಗಿ ಸೀಳುತ್ತದೆ. ಮನೆ ಕಟ್ಟಲು ಸಂಘದಲ್ಲಿ ಸಾಲ ಕೇಳುವ ಅಕ್ಕಂದಿರಿಗೆ ಮೊದಲ ಪ್ರಶ್ನೆ ‘ಗಚ್ಚು ಯಾವ ಬಣ್ಣ’ ಎಂದಲ್ಲ, ‘ಪಾಯ ಗರಸಿಗೆ ಮುಟ್ಟೈತೇನು’ ಎಂದು ಇರಬೇಕು. ಶೌಚಾಲಯದ ಗುಂಡಿಯೂ ಹಾಗೇ. ಎರಿಯಲ್ಲಿ ನೀರು ಬೇಗ ಇಂಗುವುದಿಲ್ಲ, ಹಿಗ್ಗಿದ ಮಣ್ಣು ಗುಂಡಿಯ ಇಟ್ಟಂಗಿಯನ್ನು ಒಳಗೆ ದೂಡುತ್ತದೆ. ಗುಂಡಿಯ ಸುತ್ತ ಸುಮಾರು ಒಂದು ಅಡಿ ಅಗಲ ಉಸುಕು ಅಥವಾ ಸಣ್ಣ ಖಡಿ ತುಂಬಿಸಿದರೆ ತೊಂದರೆ ಕಡಿಮೆ. ಗುತ್ತಿಗೆದಾರ ‘ಇದೆಲ್ಲಾ ಬ್ಯಾಡ್ರಿ’ ಎಂದರೆ ಕೇಳಬೇಡಿರಿ.

ಕೃಷಿ ಹೊಂಡದಲ್ಲಿ ಮಾತ್ರ ಎರಿಗೆ ಲಾಭ. ಅಲ್ಲಿ ಹೊಂಡ ತೋಡಿದರೆ ಜೇಡಿಯೇ ನೀರು ಹಿಡಿದು ನಿಲ್ಲಿಸುತ್ತದೆ, ದಂಡೆಯನ್ನು ನಿಟ್ಟನೆ ಕಡಿಯದೆ ಇಳಿಜಾರು ಬಿಡಬೇಕು ಅಷ್ಟೇ. ಕಲಘಟಗಿಯ ಮಸಾರಿಯಲ್ಲಿ ಹಾಗೆ ಬಿಟ್ಟರೆ ನೀರು ವಾರಗಳಲ್ಲಿ ಕಾಣೆ, ಪ್ಲಾಸ್ಟಿಕ್ ಹಾಳೆ ಬೇಕು. ಒಂದೇ ಯೋಜನೆ, ಎರಡು ಮಣ್ಣು, ಎರಡು ಖರ್ಚು.

ಸವಳು

ಈಗ ಆ ಬಿಳಿ ಉಪ್ಪಿನ ಮಾತಿಗೆ ಬರೋಣ. ಎರಿಯಲ್ಲಿ ಸುಣ್ಣದ ಜೊತೆಗೆ ಉಪ್ಪೂ ಉಳಿದಿರುತ್ತದೆ. ಸಾವಿರಾರು ವರ್ಷದ ಮಳೆ ಅದನ್ನು ಸ್ವಲ್ಪ ಸ್ವಲ್ಪ ಕೆಳಕ್ಕೆ ತಳ್ಳಿ ಬೇರಿನಿಂದ ಆಳದಲ್ಲಿ ಮಲಗಿಸಿತ್ತು. ನವಲಗುಂದ, ಅಣ್ಣಿಗೇರಿ ಕಡೆ ಬಾವಿ, ಬೋರಿನ ನೀರು ಸವಳು ಇರುವುದು, ಕುಡಿಯುವ ನೀರಿಗೆ ನಮ್ಮ ಹಿರಿಯರು ಕೆರೆಯನ್ನೇ ನಂಬಿದ್ದು ಇದಕ್ಕೇ. ಕೆರೆಯಲ್ಲಿರುವುದು ಮಳೆಯ ನೀರು, ಬೋರಿನಲ್ಲಿರುವುದು ಕಲ್ಲುಮಣ್ಣನ್ನು ತೊಳೆದ ನೀರು. ಕೊಡ ಹೊತ್ತು ಮೈಲುಗಟ್ಟಲೆ ನಡೆದ ಹೆಂಗಸರಿಗೆ ಈ ಭೂಗರ್ಭಶಾಸ್ತ್ರವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ 1970ರ ದಶಕದಿಂದ ಕಾಲುವೆ ನೀರು ನಮ್ಮ ಎರಿ ಹೊಲಗಳಿಗೆ ಬಂತು. ನೀರು ಬಂದದ್ದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ತರುವ ಕಾಲುವೆ ಮಾಡಿದಷ್ಟು ಮುತುವರ್ಜಿ ಹೆಚ್ಚಾದ ನೀರನ್ನು ಹೊರಗೆ ಹಾಕುವ ಬಸಿಗಾಲುವೆಗೆ ಸಿಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಬಸಿಯಲಾರದ ಜೇಡಿಗೆ ಮೇಲಿಂದ ಮೇಲೆ ನೀರು ಹಾಯಿಸಿದಾಗ ನೆಲದೊಳಗಿನ ನೀರು ಏರುತ್ತಾ ಬರುತ್ತದೆ. ಬೇರಿನ ಹತ್ತಿರ ಬಂದ ಮೇಲೆ ದೀಪದ ಬತ್ತಿ ಎಣ್ಣೆ ಏರಿಸಿದಂತೆ ಮಣ್ಣು ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಬಿಸಿಲಿಗೆ ಆರಿ ಹೋಗುತ್ತದೆ, ಅದರೊಳಗಿನ ಉಪ್ಪು ನೆಲದ ಮೇಲೆ ಕೂಡುತ್ತದೆ. ನೀರು ನಿಂತದ್ದು ಜವಳು, ಉಪ್ಪು ಎದ್ದದ್ದು ಸವಳು. ಮಲಪ್ರಭೆಯ ಕಾಲುವೆ ಪ್ರದೇಶದಲ್ಲಿ ಎರಡೂ ಆದವು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತ ಬಂಡಾಯ ನಿಮಗೆಲ್ಲ ಗೊತ್ತಿದೆ. ನೀರಾವರಿಯಿಂದ ಭೂಮಿ ಸುಧಾರಿಸಿತೆಂದು ಹಾಕಿದ ಕರದ ವಿರುದ್ಧ ಎದ್ದ ಬಂಡಾಯ ಅದು. ನೀರು ಮುಟ್ಟಿದ ಹೊಲವೆಲ್ಲ ಸುಧಾರಿಸಿದ ಹೊಲವಲ್ಲ ಎಂಬುದು ಸವಳು ಎದ್ದ ಹೊಲದವರಿಗೆ ಚೆನ್ನಾಗಿ ಗೊತ್ತು.

ಬೋರ್‌ವೆಲ್‌ನಲ್ಲಿ ಇದೇ ಕಥೆ ಇನ್ನೂ ಬೇಗ ನಡೆಯುತ್ತದೆ. ಉಪ್ಪಿರುವ ನೀರನ್ನು ನಾವೇ ದುಡ್ಡು ಕೊಟ್ಟು ಮೇಲಕ್ಕೆತ್ತಿ ಹೊಲಕ್ಕೆ ಬಿಡುತ್ತೇವೆ. ಆದ್ದರಿಂದ ಬೋರಿನ ಸಾಲದ ಅರ್ಜಿ ಬಂದಾಗ ಸುತ್ತಲಿನ ಬೋರುಗಳ ನೀರನ್ನು ಪರೀಕ್ಷೆ ಮಾಡಿಸಿದ ಚೀಟಿ ಕೇಳಿರಿ. ಚೀಟಿಯಲ್ಲಿ ಇ.ಸಿ. ಎಂಬ ಅಂಕಿ ಇರುತ್ತದೆ, ಅದು ಉಪ್ಪಿನ ಅಳತೆ. 0.7ಕ್ಕಿಂತ ಕಡಿಮೆ ಇದ್ದರೆ ಬೆಳೆಗೆ ಒಳ್ಳೆಯ ನೀರು. ಅಲ್ಲಿಂದ 3ರವರೆಗೆ ಹುಷಾರಾಗಿ ಬಳಸುವಂಥದು. 3 ದಾಟಿದರೆ ಎರಿ ಹೊಲಕ್ಕೆ ಬಿಡುವುದು ಬೇಡ. (ಕೆಲವು ಲ್ಯಾಬಿನಲ್ಲಿ ಇದನ್ನೇ 700, 3000 ಎಂದು ಬರೆಯುತ್ತಾರೆ, ಗಾಬರಿ ಆಗಬೇಡಿ.) ಅರ್ಜಿ ಹಾಕಿದ ಅಕ್ಕನಿಗೆ ಸಿಟ್ಟು ಬರಬಹುದು. ಬರಲಿ. ಬೋರ್ ಕೊರೆದ ಮೇಲಿನ ಸಾಲಕ್ಕಿಂತ ಆ ಸಿಟ್ಟು ಹಗುರ.

ಸವಳು ಎದ್ದ ಹೊಲಕ್ಕೆ ಔಷಧ ಇದೆಯೇ? ಇದೆ, ಆದರೆ ರೋಗ ಯಾವುದೆಂದು ಗೊತ್ತಿರಬೇಕು, ಯಾಕೆಂದರೆ ಎರಡು ಜಾತಿ ಇದೆ. ಒಂದರಲ್ಲಿ ಬರೀ ಕರಗುವ ಉಪ್ಪು. ಅದಕ್ಕೆ ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ, ಮಳೆಯ ನೀರಿನಿಂದ ತೊಳೆಯಬೇಕು. ಬಸಿಯುವ ದಾರಿ ಇಲ್ಲದೆ ತೊಳೆದರೆ ಉಪ್ಪು ಮತ್ತೆ ಅಲ್ಲಿಗೇ ಬರುತ್ತದೆ. ಇನ್ನೊಂದು ಕರಲು. ಅದರಲ್ಲಿ ಸೋಡಿಯಂ ಎಂಬುದು ಜೇಡಿಗೆ ಅಂಟಿಕೊಂಡು ಅದರ ಹರಳುಕಟ್ಟನ್ನೇ ಕೆಡಿಸುತ್ತದೆ. ಹಸಿ ಇದ್ದಾಗ ಬೆಣ್ಣೆಯಂತೆ ಜಾರುತ್ತದೆ, ಒಣಗಿದರೆ ಕಲ್ಲು, ನೀರು ಒಳಗೆ ಇಳಿಯುವುದೇ ಇಲ್ಲ. ಹಳೆಯ ಮಾಳಿಗೆ ಮನೆಗಳ ಮೇಲೆ ಸೋರಬಾರದೆಂದು ಇಂಥದೇ ಮಣ್ಣು ತಂದು ಹಾಕುತ್ತಿದ್ದದ್ದು ನೆನಪಿದೆಯೇ? ಮಾಳಿಗೆಗೆ ಅದು ವರ, ಹೊಲಕ್ಕೆ ಶಾಪ. ಇದಕ್ಕೆ ಬರೀ ನೀರು ಹಾಯಿಸಿದರೆ ಇನ್ನೂ ಕೆಡುತ್ತದೆ. ಮೊದಲು ಜಿಪ್ಸಂ ಹಾಕಬೇಕು, ಆಮೇಲೆ ನೀರು ಬಿಟ್ಟು ಬಸಿಯಬೇಕು. ಜಿಪ್ಸಂ ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆಯೇ ಹೇಳಬೇಕು, ಅಂಗಡಿಯವರಲ್ಲ. ಸುಣ್ಣ ಹಾಕುವುದು ವ್ಯರ್ಥ, ನಮ್ಮ ಎರಿಯಲ್ಲಿ ಸುಣ್ಣ ಮೊದಲೇ ಇದೆ. ಡಯಂಚ ಬಿತ್ತಿ ಹೂವಿಗೆ ಮುಂಚೆ ಮಣ್ಣಿಗೆ ಸೇರಿಸುವುದು, ಸಗಣಿ ಗೊಬ್ಬರ ಹಾಕುವುದು ಎರಡು ಜಾತಿಗೂ ಒಳ್ಳೆಯದು. ಹೊಲ ಸುಧಾರಿಸುವವರೆಗೆ ಉಳ್ಳಾಗಡ್ಡಿ, ಕಡಲಿ, ಮೆಣಸಿನಕಾಯಿ ಬೇಡ, ಅವು ಉಪ್ಪು ತಾಳುವುದಿಲ್ಲ. ಹತ್ತಿ ತಾಳುತ್ತದೆ, ಗೋಧಿ, ಕುಸುಬಿ ಒಂದಿಷ್ಟು ತಾಳುತ್ತವೆ.

ಹಳ್ಳಕ್ಕೆ ಹೋದ ಮಣ್ಣು

ಒಂದು ಸಣ್ಣ ಲೆಕ್ಕ ಮಾಡೋಣ, ಸಂಘದ ಪುಸ್ತಕ ಬರೆಯುವವರು ಪೆನ್ನು ತಗೊಳ್ಳಿ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಒಂದು ಜೋರು ಮಳೆಗೆ ಅದರ ಮೇಲಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು, ಅಂದರೆ ರಟ್ಟಿನಷ್ಟು ದಪ್ಪ, ಕೊಚ್ಚಿಹೋಯಿತು ಅನ್ನೋಣ. ಅದು ನಾಲ್ಕು ಘನ ಮೀಟರ್ ಆಯಿತು, ನಮ್ಮ ಲೆಕ್ಕದಲ್ಲಿ ಒಂದೂವರೆ ಬ್ರಾಸಿನ ಹತ್ತಿರ, ತೂಕದಲ್ಲಿ ಸುಮಾರು ಐದು ಟನ್. ಕಣ್ಣಿಗೆ ಏನೂ ಕಾಣುವುದಿಲ್ಲ, ಹೊಲ ನಿನ್ನೆ ಇದ್ದಂತೆಯೇ ಇರುತ್ತದೆ. ಹೋದದ್ದು ಮಾತ್ರ ಗೊಬ್ಬರ ಹಾಕಿ, ಹರಗಿ ಹದ ಮಾಡಿದ ಎಲ್ಲಕ್ಕಿಂತ ಮೇಲಿನ ಮಣ್ಣು. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ನೀರಿನ ಬಣ್ಣ ನೋಡಿದವರಿಗೆ ಹೇಳುವುದು ಬೇಕಿಲ್ಲ. ಹಳ್ಳಗಳ ಹೆಸರಿನಲ್ಲಿ ಬೆಣ್ಣೆ, ತುಪ್ಪ ಇದೆ, ಹರಿದುಹೋದದ್ದೂ ಒಂದು ಲೆಕ್ಕಕ್ಕೆ ಅದೇ.

ಎರಿ ನೆಲ ಹಿಗ್ಗಿ ಬಾಯಿ ಮುಚ್ಚಿಕೊಂಡ ಮೇಲೆ ಬಿದ್ದ ಮಳೆ ಇಂಗದೆ ಮೇಲೆಯೇ ಹರಿಯುತ್ತದೆ. ಅದಕ್ಕೇ ಸಣ್ಣ ಇಳಿಜಾರಿದ್ದರೂ ಬದು ಬೇಕು, ಬಿತ್ತುವುದು ಇಳಿಜಾರಿಗೆ ಅಡ್ಡ ಇರಬೇಕು, ನೀರು ಹೊರಹೋಗುವ ಕಡೆ ಕಲ್ಲಿನ ಒಡ್ಡು ಇರಬೇಕು. ಪಂಚಾಯಿತಿಯಿಂದ ಬದುವಿನ ಕಾಮಗಾರಿ ಬಂದಾಗ ಯಾರ ಹೊಲಕ್ಕೆ ಎಂದು ಗ್ರಾಮಸಭೆಯಲ್ಲಿ ಕೇಳುವವರು ನಾವೇ ಆಗಬೇಕು. ಇಟ್ಟಂಗಿ ಭಟ್ಟಿಗೆ ಮೇಲ್ಮಣ್ಣು ಮಾರಿ ಬಂದ ದುಡ್ಡನ್ನು ಆದಾಯ ಎಂದು ಬರೆಯುವುದನ್ನು ಕಂಡಿದ್ದೇನೆ. ಅದು ಆದಾಯವಲ್ಲ, ಬಂಡವಾಳ ಮುರಿದು ತಿಂದದ್ದು.

2009ರಲ್ಲಿ ಸರಕಾರ ಭೂಚೇತನ ಎಂಬ ಕಾರ್ಯಕ್ರಮ ಶುರುಮಾಡಿದಾಗ ಮೊದಲ ಆರು ಜಿಲ್ಲೆಗಳಲ್ಲಿ ಧಾರವಾಡವೂ ಇತ್ತು. ಹಳ್ಳಿ ಹಳ್ಳಿಯ ಮಣ್ಣು ಪರೀಕ್ಷಿಸಿದಾಗ ಯೂರಿಯಾ, ಡಿಎಪಿ ಸುರಿಯುವ ಹೊಲಗಳಲ್ಲೂ ಸತು, ಬೋರಾನ್, ಗಂಧಕದ ಕೊರತೆ ಕಂಡಿತು. ಹಸಿದವರಿಗೆ ಬರೀ ಅನ್ನ ಹಾಕಿ ಸಾರು, ಪಲ್ಯ ಮರೆತಂತೆ ಅದು. 2015ರ ಫೆಬ್ರವರಿಯಲ್ಲಿ ಮಣ್ಣು ಆರೋಗ್ಯ ಚೀಟಿ ಬಂತು, ಅದರಲ್ಲಿ ಹನ್ನೆರಡು ಅಂಶ ಇರುತ್ತವೆ. ಅನೇಕ ಮನೆಗಳಲ್ಲಿ ಆ ಚೀಟಿ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಇದೆ. ಈ ವಾರ ಹೊರಗೆ ತೆಗೆಯಿರಿ. ಪಿಎಚ್ 8.5ಕ್ಕಿಂತ ಮೇಲಿದ್ದರೆ ಕರಲಿನ ಅನುಮಾನ. ಹಳೆಯ ಚೀಟಿಯಾಗಿದ್ದರೆ ಹೊಸದಾಗಿ ಪರೀಕ್ಷೆ ಮಾಡಿಸಬೇಕು.

ಮುಂದಿನ ಸಭೆಗೆ

ಪ್ರತಿಯೊಬ್ಬರೂ ತಮ್ಮ ಹೊಲದಿಂದ, ಹೊಲ ಇಲ್ಲದವರು ತಾವು ಕೂಲಿ ಮಾಡುವ ಹೊಲದಿಂದ, ಲಿಂಬೆಕಾಯಿ ಗಾತ್ರದ ಒಣ ಹೆಂಟೆ ಒಂದು ತರಬೇಕು. ಯಾರ ಹೆಂಟೆ ಯಾವುದೆಂದು ಗುರುತು ಇರಲಿ. ಗಾಜಿನ ಲೋಟದಲ್ಲಿ ಮಳೆಯ ನೀರು ಬೇಕು, ಬೋರಿನ ನೀರು ನಡೆಯುವುದಿಲ್ಲ. ಕಡಲಿ ಕಾಳಿನಷ್ಟು ಚೂರನ್ನು ಮೆಲ್ಲಗೆ ನೀರಿಗೆ ಬಿಡಿರಿ. ಅಲ್ಲಾಡಿಸಬೇಡಿ. ಅಷ್ಟರಲ್ಲಿ ಉಳಿತಾಯ ಬರೆದುಕೊಳ್ಳಬಹುದು. ಎರಡು ತಾಸಿನ ಮೇಲೆ ನೋಡಿದಾಗ ಚೂರು ಪುಡಿಯಾಗಿ ತಳದಲ್ಲಿ ಕೂತು ನೀರು ತಿಳಿಯಾಗಿದ್ದರೆ ಸದ್ಯಕ್ಕೆ ಚಿಂತೆ ಇಲ್ಲ. ಚೂರಿನ ಸುತ್ತ ಹಾಲು ಬೆರೆಸಿದಂತೆ ಮಬ್ಬು ಎದ್ದು ನಿಂತಿದ್ದರೆ ಆ ಹೊಲಕ್ಕೆ ಸೋಡಿಯಂ ಸೇರಿದೆ ಎಂದು ಅನುಮಾನ ಪಡಬೇಕು. ಅಂಥ ಹೊಲದ ಮಣ್ಣನ್ನು ಮೊದಲು ಪರೀಕ್ಷೆಗೆ ಕಳಿಸಿರಿ.

ಕಳಿಸುವ ಮಣ್ಣು ತೆಗೆಯಲು ಹಿಂಗಾರಿ ರಾಶಿ ಮುಗಿದ ಮೇಲಿನ ದಿನಗಳು ಒಳ್ಳೆಯವು. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಎಂಟು ಹತ್ತು ಕಡೆ ಗುರುತು ಮಾಡಿರಿ. ತಿಪ್ಪೆ ಇದ್ದ ಜಾಗ, ಬದುವಿನ ಪಕ್ಕ, ಗಿಡದ ನೆರಳು, ಕಾಲುವೆಯ ದಂಡೆ ಬಿಡಬೇಕು. ಮೇಲಿನ ಕಸ ಸರಿಸಿ, ಆರು ಇಂಚು ಆಳಕ್ಕೆ ಕುಡುಗೋಲು ಮೂತಿಯಂತೆ ಚೂಪಾಗಿ ಕುಣಿ ತೆಗೆದು, ಕುಣಿಯ ಮಗ್ಗುಲಿನಿಂದ ಮೇಲಿಂದ ಕೆಳಗಿನವರೆಗೆ ಒಂದು ಇಂಚು ದಪ್ಪ ಕೆರೆದು ತೆಗೆಯಿರಿ. ಎಲ್ಲ ಕಡೆಯದನ್ನೂ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕಲಸಿ, ಹಾಳೆಯ ಮೇಲೆ ರೊಟ್ಟಿಯಂತೆ ಹರಡಿ ನಾಲ್ಕು ಭಾಗ ಮಾಡಿರಿ. ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದದ್ದು ಚೆಲ್ಲಿ, ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿರಿ. ನೆರಳಿನಲ್ಲಿ ಆರಿಸಿ ಅರಿವೆಯ ಚೀಲಕ್ಕೆ ತುಂಬಿರಿ. ಗೊಬ್ಬರದ ಖಾಲಿ ಚೀಲ ಮಾತ್ರ ಬಳಸಬೇಡಿ, ಪರೀಕ್ಷೆಯೇ ಸುಳ್ಳಾಗುತ್ತದೆ. ಒಂದೇ ಹೊಲದಲ್ಲಿ ಅರ್ಧ ಎರಿ, ಅರ್ಧ ಮಸಾರಿ ಇದ್ದರೆ, ಅಥವಾ ಒಂದು ಮೂಲೆ ಮಾತ್ರ ಸವಳು ಇದ್ದರೆ, ಬೇರೆ ಬೇರೆ ಚೀಲ ಬೇಕು.

ಚೀಲಗಳನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಬಹುದು, ಧಾರವಾಡಕ್ಕೆ ಹೋಗುವವರಿದ್ದರೆ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಬಹುದು. ಸಂಘದ ಹತ್ತು ಚೀಲಗಳನ್ನು ಒಬ್ಬರೇ ಒಯ್ದರೆ ಬಸ್ ಚಾರ್ಜು ಒಂದೇ. ಒಳಗೊಂದು, ಹೊರಗೊಂದು ಚೀಟಿ ಇಡಿ: ಊರು, ಸರ್ವೆ ನಂಬರು, ಹೋದ ವರ್ಷದ ಬೆಳೆ, ಮುಂದೆ ಹಾಕುವ ಬೆಳೆ, ನೀರಾವರಿಯೋ ಮಳೆಯಾಶ್ರಿತವೋ. ಹೆಸರಿನ ಜಾಗದಲ್ಲಿ ಪಹಣಿ ಯಾರ ಹೆಸರಿಗಿದೆಯೋ ಅವರದು ಬರೆಯಬೇಕಾಗುತ್ತದೆ. ಅದರ ಕೆಳಗೆ ಮಣ್ಣು ತೆಗೆದ ನಿಮ್ಮ ಹೆಸರನ್ನೂ ಬರೆಯಿರಿ.